ಜೈಲಿನಿಂದ ಬಂದ ತಮ್ಮನ ಕೈಗೆ ಮನೆ ಬೀಗದ ಕೈ ಕೊಡಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ ಈಗ 27 ವರ್ಷ. ಹದಿನೇಳಕ್ಕೆ ಕಳ್ಳತನ ಶುರು ಮಾಡಿದ. ಮೊದಲು ಅಂಗಡಿಗಳಲ್ಲಿ, ಆಮೇಲೆ ಬೈಕು, ಕೊನೆಗೆ ಬೀಗ ಹಾಕಿದ ಮನೆಗಳಿಗೆ ನುಗ್ಗುವುದು. ಯಾರ ಮೇಲೂ ಕೈ ಮಾಡಿದವನಲ್ಲ. ಎರಡು ಸಲ ಜೈಲಿಗೆ ಹೋಗಿದ್ದಾನೆ. ಈ ಸಲ ಮೂರು ವರ್ಷ ಇದ್ದು ಹೊರಗೆ ಬಂದು ನಾಲ್ಕು ತಿಂಗಳಾಯಿತು. ಅಪ್ಪ ಅಮ್ಮ ಇಲ್ಲ, ಹಾಗಾಗಿ ನಮ್ಮ ಮನೆಯಲ್ಲೇ ಇದ್ದಾನೆ. "ಇನ್ನು ಆ ಕಡೆ ತಿರುಗಿಯೂ ನೋಡಲ್ಲ ಅಕ್ಕ" ಅಂತ ಅತ್ತು ಮಾತು ಕೊಟ್ಟ. ಕೆಲಸ ಕೇಳಲು ಹೋದ ಕಡೆಯೆಲ್ಲ ಹಳೇ ಕೇಸು ಗೊತ್ತಾದ ಕೂಡಲೇ ಬೇಡ ಅಂದರು. ಹೋದ ವಾರ ಹಳೇ ಗೆಳೆಯನ ಜೊತೆ ಕೂತಿದ್ದನ್ನು ಯಾರೋ ನೋಡಿ ಹೇಳಿದರು. ಕೇಳಿದರೆ ಇಲ್ಲ ಅಂತ ಸುಳ್ಳು ಹೇಳಿದ. ನನ್ನ ಗಂಡ "ಅದು ರಕ್ತದಲ್ಲೇ ಬಂದಿರೋದು, ಹೋಗಲ್ಲ" ಅನ್ನುತ್ತಾರೆ. ಚಿಕ್ಕಮ್ಮ "ಮದುವೆ ಮಾಡು, ತಾನೇ ಸರಿಹೋಗುತ್ತಾನೆ" ಅನ್ನುತ್ತಾರೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಎಂಟು ವರ್ಷದ ಮಗಳಿದ್ದಾಳೆ. ಅವನಿಗೆ ಮನೆ ಬೀಗದ ಕೈ ಕೊಟ್ಟಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಾವು ಬೀಗ ಹಾಕುವಾಗ ಅವನೂ ಹೊರಗೆ ಹೋಗಬೇಕು, ಸಂಜೆ ಆರಕ್ಕೆ ನಾವು ಬಂದ ಮೇಲೆ ಒಳಗೆ. ಇದು ಸರಿನಾ? ಕೂಡಿಟ್ಟ ದುಡ್ಡು ಕೊಟ್ಟು ಒಂದು ವ್ಯಾಪಾರ ಹಾಕಿಕೊಡಲಾ? ಅವನು ನಿಜವಾಗಲೂ ಬದಲಾಗುತ್ತಾನಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವ ಪ್ರಶ್ನೆ ನಾಲ್ಕೈದು ಇದ್ದರೂ ಒಳಗಿನ ಚಿಂತೆ ಒಂದೇ ಅನಿಸಿತು. ಇವನನ್ನು ನಂಬಿ ಗಂಡ, ಮಗಳು, ಮನೆ ಎಲ್ಲವನ್ನೂ ಅಪಾಯಕ್ಕೆ ಒಡ್ಡುತ್ತಿದ್ದೇನಾ, ಇಲ್ಲ ನಂಬದೆ ತಮ್ಮನನ್ನು ಕೈಯಾರೆ ಹಳೇ ದಾರಿಗೆ ತಳ್ಳುತ್ತಿದ್ದೇನಾ? ಎರಡೂ ಭಯ ಸುಳ್ಳಲ್ಲ. ಜೈಲಿನಿಂದ ಬಿಡುಗಡೆಯಾದವರ ಜೊತೆ, ಅವರ ಮನೆಯವರ ಜೊತೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದ್ದೇನೆ. ಎರಡೂ ಆಗಿದ್ದನ್ನು ನೋಡಿದ್ದೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಒಂಬತ್ತರಿಂದ ಆರು. ದಿನಕ್ಕೆ ಒಂಬತ್ತು ಗಂಟೆ. ಕೆಲಸ ಇಲ್ಲ, ಕೈಯಲ್ಲಿ ಕಾಸಿಲ್ಲ, ಹೋಗಲು ಜಾಗ ಇಲ್ಲ. ಅಷ್ಟು ಹೊತ್ತು ಅವನು ಎಲ್ಲಿರುತ್ತಾನೆ ಅಂತ ಯೋಚಿಸಿದ್ದೀರಾ? ಇಡೀ ಊರಲ್ಲಿ ಅವನನ್ನು ಕಂಡರೆ "ಬಾ, ಕೂತ್ಕೋ" ಅನ್ನುವವನು ಬಹುಶಃ ಆ ಹಳೇ ಗೆಳೆಯ ಒಬ್ಬನೇ. ನಿಮ್ಮನ್ನು ದೂರಲು ಇದನ್ನು ಹೇಳುತ್ತಿಲ್ಲ. ಮೂರು ವರ್ಷದ ಕೆಳಗೆ ಇಂಥದ್ದೇ ಮನೆಗಳಿಗೆ ನುಗ್ಗಿದವನಿಗೆ ಬೀಗದ ಕೈ ಕೊಡಲು ಯಾರಿಗಾದರೂ ಕೈ ನಡುಗುತ್ತದೆ. ಆದರೆ ನಿಮ್ಮ ಮನೆಯನ್ನು ಕಾಯುತ್ತಿರುವ ಆ ಬೀಗವೇ ಅವನನ್ನು ದಿನಾ ಬೀದಿಗೆ ಕಳಿಸುತ್ತಿದೆ. ಬೀಗದ ಕೈ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ಅಲ್ಲಿಯವರೆಗೆ ಇದು ನೆನಪಿರಲಿ.

ಮೊದಲು ಯಜಮಾನರ ಮಾತು. ರಕ್ತದಲ್ಲಿ ಕಳ್ಳತನ ಅಂತ ಒಂದು ಇಲ್ಲ. ದುಡುಕು, ಹಿಂದೆ ಮುಂದೆ ನೋಡದೆ ನುಗ್ಗುವ ಸ್ವಭಾವ ಸ್ವಲ್ಪ ಮಟ್ಟಿಗೆ ಹುಟ್ಟಿನಿಂದ ಬರುತ್ತದೆ, ಅದು ನಿಜ. ಆದರೆ ಅದೇ ಸ್ವಭಾವದವರು ಎಷ್ಟೋ ಜನ ಬೀಗ ಒಡೆಯದೆ ಬದುಕುತ್ತಾರೆ ಅಲ್ವಾ? ನ್ಯೂಜಿಲೆಂಡಿನ ಡುನೆಡಿನ್ ಊರಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಇವತ್ತಿನವರೆಗೂ ಹಿಂಬಾಲಿಸಿಕೊಂಡು ಬಂದಿದ್ದಾರೆ. ಆ ಅಧ್ಯಯನದಲ್ಲಿ ಕೆಲಸ ಮಾಡಿದ ಟೆರ್ರಿ ಮಾಫಿಟ್ 1993ರಲ್ಲಿ ಒಂದು ಮುಖ್ಯವಾದ ವ್ಯತ್ಯಾಸ ಗುರುತಿಸಿದರು. ತೀರಾ ಚಿಕ್ಕ ವಯಸ್ಸಿನಿಂದಲೇ ಹೊಡೆದಾಟ, ಸುಳ್ಳು, ಕಳ್ಳತನ ಶುರುವಾಗಿ ದೊಡ್ಡವರಾದ ಮೇಲೂ ಮುಂದುವರಿಯುವವರು ಸಣ್ಣ ಗುಂಪು. ಹದಿಹರೆಯದಲ್ಲಿ ಸಹವಾಸಕ್ಕೆ ಬಿದ್ದು ಶುರು ಮಾಡಿ, ಆಮೇಲೆ ಬಿಡುವವರು ಬಹಳ ದೊಡ್ಡ ಗುಂಪು. ನಿಮ್ಮ ತಮ್ಮ ಹದಿನೇಳಕ್ಕೆ ಶುರು ಮಾಡಿದವನು. ಅಷ್ಟರಿಂದಲೇ ಏನನ್ನೂ ಖಚಿತವಾಗಿ ಹೇಳಲು ಬರುವುದಿಲ್ಲ, ಆದರೂ ಅದು ಕೆಟ್ಟ ಸೂಚನೆ ಅಲ್ಲ.

ಇದಕ್ಕಿಂತ ನನಗೆ ಇಷ್ಟವಾದ ಇನ್ನೊಂದು ಅಧ್ಯಯನ ಇದೆ. 1940ರ ಹೊತ್ತಿಗೆ ಅಮೆರಿಕದ ಬೋಸ್ಟನ್ನಿನಲ್ಲಿ ಷೆಲ್ಡನ್ ಮತ್ತು ಎಲಿನಾರ್ ಗ್ಲುಕ್ ಅನ್ನುವ ದಂಪತಿ, ಸುಧಾರಣಾ ಶಾಲೆಗೆ ಹಾಕಿದ್ದ 500 ಹುಡುಗರ ಬಗ್ಗೆ ಮನೆ, ಶಾಲೆ, ಆರೋಗ್ಯ ಎಲ್ಲ ವಿವರವನ್ನೂ ಕೂಡಿಹಾಕಿದ್ದರು. ಎಷ್ಟೋ ವರ್ಷ ಆ ಕಾಗದಗಳು ಪೆಟ್ಟಿಗೆಗಳಲ್ಲಿ ತುಂಬಿ, ಹಾರ್ವರ್ಡ್ ಕಾನೂನು ಶಾಲೆಯ ಲೈಬ್ರರಿಯ ನೆಲಮಾಳಿಗೆಯಲ್ಲಿ ಬಿದ್ದಿದ್ದವು. 1980ರ ದಶಕದಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ ಅದನ್ನು ಹೊರತೆಗೆದರು. ಮುಂದೆ ಆ ಹುಡುಗರಲ್ಲಿ ಬದುಕಿದ್ದವರು 70ರ ಮುದುಕರಾಗುವವರೆಗೂ ಅವರ ದಾಖಲೆಗಳನ್ನು ಹುಡುಕಿದರು, 52 ಜನರನ್ನು ಕೂರಿಸಿ ಮಾತಾಡಿಸಿದರು. ಕಂಡುಬಂದಿದ್ದು ಇಷ್ಟು: ತುಂಬಾ ಕೆಟ್ಟುಹೋಗಿದ್ದಾನೆ ಅನಿಸಿದ್ದ ಹುಡುಗರೂ ಸೇರಿದಂತೆ ಹೆಚ್ಚುಕಮ್ಮಿ ಎಲ್ಲರೂ ಒಂದಲ್ಲ ಒಂದು ದಿನ ನಿಲ್ಲಿಸಿದ್ದರು. ಯಾರು ಬೇಗ ನಿಲ್ಲಿಸುತ್ತಾರೆ, ಯಾರು ತಡ ಮಾಡುತ್ತಾರೆ ಅನ್ನುವುದು ಅವರ ಬಾಲ್ಯ ನೋಡಿ ಹೇಳಲು ಆಗುತ್ತಿರಲಿಲ್ಲ. ಅಂದರೆ ಹೆಚ್ಚಿನದೆಲ್ಲ ದೊಡ್ಡವರಾದ ಮೇಲೆ ಏನಾಯಿತು ಅನ್ನುವುದರ ಮೇಲೆ ನಿಂತಿತ್ತು.

ಹಾಗಂತ ಯಜಮಾನರ ಭಯ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದ 30 ರಾಜ್ಯಗಳಲ್ಲಿ 2005ರಲ್ಲಿ ಬಿಡುಗಡೆಯಾದ ಕೈದಿಗಳ ಲೆಕ್ಕ ಸರ್ಕಾರವೇ ಇಟ್ಟಿದೆ. ಮೊದಲ ವರ್ಷದಲ್ಲೇ ನೂರಕ್ಕೆ 44 ಜನ ಮತ್ತೆ ಬಂಧನವಾದರು. ಒಂಬತ್ತು ವರ್ಷದಲ್ಲಿ ಒಂದು ಸಲವಾದರೂ ಬಂಧನವಾದವರು 83. ಕೇಳಿದರೆ ಎದೆ ಒಡೆಯುತ್ತದೆ. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಾಲಿದೆ. ಒಂಬತ್ತನೇ ವರ್ಷ ಒಂದನ್ನೇ ತೆಗೆದುಕೊಂಡರೆ ಆ ವರ್ಷ ಬಂಧನವಾದವರು ನೂರಕ್ಕೆ 24. ಬಂಧನ ಅಂದ ಮಾತ್ರಕ್ಕೆ ಅಪರಾಧ ಸಾಬೀತಾಯಿತು ಅಂತಲೂ ಅಲ್ಲ. ಈ ಅಂಕಿಗಳನ್ನು ನಾನು ಹೀಗೆ ಓದುತ್ತೇನೆ: ಮೊದಲ ವರ್ಷ ಬಹಳ ಜಾರುವ ಜಾಗ, ಹೆಚ್ಚಿನವರು ಒಂದಲ್ಲ ಒಂದು ಸಲ ಎಡವುತ್ತಾರೆ, ಎಡವಿದವರಲ್ಲೂ ಎಷ್ಟೋ ಜನ ನಿಧಾನಕ್ಕೆ ನಿಲ್ಲುತ್ತಾರೆ. ನಿಮ್ಮ ತಮ್ಮ ಈಗ ಇರುವುದು ಆ ಜಾರುವ ಜಾಗದ ಮಧ್ಯದಲ್ಲಿ.

ಇಲ್ಲೇ ಆ ಸುಳ್ಳಿನ ವಿಷಯ ಬರುತ್ತದೆ. ಅತ್ತು ಮಾತು ಕೊಟ್ಟವನು ನಾಲ್ಕೇ ತಿಂಗಳಲ್ಲಿ ಹಳೇ ಗೆಳೆಯನ ಪಕ್ಕ ಕೂತ, ಕೇಳಿದರೆ ಇಲ್ಲ ಅಂದ. ಹಾಗಾದರೆ ಅತ್ತಿದ್ದು ನಾಟಕವಾ? ನನ್ನ ಅನುಭವದಲ್ಲಿ ಹೆಚ್ಚಿನ ಸಲ ಎರಡೂ ನಿಜ. ಬಿಡಬೇಕು ಅನ್ನುವ ಆಸೆಯೂ ನಿಜ, ಗೆಳೆಯನ ಕಡೆಗಿನ ಸೆಳೆತವೂ ನಿಜ. ಅಪರಾಧ ಬಿಡುವುದು ಬಟ್ಟೆ ಬದಲಾಯಿಸಿದ ಹಾಗೆ ಒಂದೇ ಸಲಕ್ಕೆ ಆಗುವುದಿಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಮೊದಲು ದೊಡ್ಡ ತಪ್ಪು ನಿಲ್ಲುತ್ತದೆ, ಆಮೇಲೆ ಸಣ್ಣದು ಕಡಿಮೆಯಾಗುತ್ತದೆ, ಸುಳ್ಳು ಹೇಳುವ ಚಾಳಿ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ. ಅವನು ಸುಳ್ಳು ಹೇಳಿದ್ದು ಕದಿಯಲು ಹೊರಟಿದ್ದಕ್ಕೋ, ನಿಮ್ಮ ಮುಖದಲ್ಲಿ ಆ ಬೇಸರ ನೋಡಲಾರದೆಯೋ, ಇಲ್ಲಿಂದ ನನಗೆ ತಿಳಿಯದು. ನೀವು ಕೇಳಿ ತಿಳಿಯಬೇಕು. ಕೇಳುವಾಗ ಪೊಲೀಸಿನವರ ಹಾಗೆ ಕೇಳಬೇಡಿ. ಆ ರೀತಿ ಪ್ರಶ್ನೆಗೆ ಹೇಗೆ ಉತ್ತರ ಕೊಡಬೇಕು ಅನ್ನುವುದು ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತು. "ಅವನ ಜೊತೆ ಇದ್ದಿದ್ದು ನನಗೆ ಗೊತ್ತು. ಭಯವಾಯಿತು. ಏನು ಮಾತಾಡಿದಿರಿ?" ಅಂತ ಗೊತ್ತಿರುವುದನ್ನು ಮೊದಲೇ ಹೇಳಿಬಿಟ್ಟರೆ ಸುಳ್ಳಿಗೆ ಜಾಗವೇ ಇರುವುದಿಲ್ಲ.

ಜೈಲು ಒಬ್ಬ ಮನುಷ್ಯನಿಗೆ ಏನು ಮಾಡುತ್ತದೆ ಅನ್ನುವುದನ್ನೂ ಮನೆಯವರು ತಿಳಿದಿರಬೇಕು. ತುಂಬಾ ಹಿಂದೆ ನನ್ನನ್ನು ನೋಡಲು ಬಂದಿದ್ದ ಒಬ್ಬರು ಕೋಣೆಯ ಬಾಗಿಲ ಮುಂದೆ ಸುಮಾರು ಹೊತ್ತು ನಿಂತೇ ಇದ್ದರು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಸುಮ್ನೆ ಮುಚ್ಚಿತ್ತು. ನಾನು ಒಳಗಿನಿಂದ ತೆಗೆದಾಗ ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು ನಿಂತಿದ್ದರು. ಒಂಬತ್ತು ವರ್ಷ ಅವರು ತಮ್ಮ ಕೈಯಿಂದ ಒಂದು ಬಾಗಿಲನ್ನೂ ತೆಗೆದಿರಲಿಲ್ಲ. ಯಾರೋ ಬಂದು ತೆಗೆಯಬೇಕು, ಯಾರೋ ಮುಚ್ಚಬೇಕು. ಹೊರಗೆ ಬಂದ ಮೇಲೂ ಮೈಗೆ ಅದೇ ಅಭ್ಯಾಸ. ದೀಪ ಆರಿಸಿದರೆ ನಿದ್ದೆ ಬರದವರನ್ನು, ತಟ್ಟೆಯ ಸುತ್ತ ಕೈ ಅಡ್ಡ ಹಿಡಿದು ಗಬಗಬ ಊಟ ಮುಗಿಸುವವರನ್ನು, ಸ್ನಾನಕ್ಕೆ ಹೋಗಲಾ ಅಂತ ಹೆಂಡತಿಯನ್ನು ಕೇಳಿ ನಿಲ್ಲುವವರನ್ನು ನೋಡಿದ್ದೇನೆ. ಮನೆಯವರಿಗೆ ಇದು ಸೋಮಾರಿತನ, ಮೊಂಡುತನ, ಇಲ್ಲವೇ ಏನೋ ಮುಚ್ಚಿಡುತ್ತಿರುವ ಹಾಗೆ ಕಾಣುತ್ತದೆ. ನಿಮ್ಮ ತಮ್ಮನಲ್ಲಿ ಇಂಥದ್ದೇನಾದರೂ ಕಂಡರೆ ಹಂಗಿಸಬೇಡಿ. ಹೆಚ್ಚಿನವರಲ್ಲಿ ತಿಂಗಳುಗಳು ಕಳೆದ ಹಾಗೆ ಕಡಿಮೆಯಾಗುತ್ತದೆ. ಆಗದಿದ್ದರೆ, ಅಥವಾ ಸಾಯುವ ಮಾತು ಬಂದರೆ, ತಡ ಮಾಡದೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಪತ್ರದಲ್ಲಿ ಮಾದಕ ವಸ್ತುವಿನ ಮಾತಿಲ್ಲ. ಇಲ್ಲದಿದ್ದರೆ ಒಳ್ಳೆಯದು. ಇದ್ದಿದ್ದರೆ ಒಂದು ಮಾತು ತಿಳಿದಿರಲಿ. ಜೈಲಿನಲ್ಲಿದ್ದಾಗ ಚಟ ತಪ್ಪಿ ದೇಹದ ತಾಳಿಕೆ ಇಳಿದಿರುತ್ತದೆ, ಹೊರಗೆ ಬಂದು ಹಳೇ ಪ್ರಮಾಣದಲ್ಲೇ ತೆಗೆದುಕೊಂಡರೆ ಜೀವಕ್ಕೇ ಅಪಾಯ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬಿಡುಗಡೆಯ ಮೊದಲ ಎರಡು ವಾರಗಳಲ್ಲಿ ಸಾವಿನ ಅಪಾಯ ಉಳಿದ ಜನರಿಗಿಂತ 12 ಪಟ್ಟಿಗೂ ಜಾಸ್ತಿ ಇತ್ತು. ದೊಡ್ಡ ಕಾರಣ ಇದೇ.

ಇನ್ನು ಚಿಕ್ಕಮ್ಮ ಹೇಳಿದ ಮದುವೆ. ಇದರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಇದು ಅಪಾಯದ ಮಾತು. ಬೋಸ್ಟನ್ನಿನ ಆ ಹುಡುಗರಲ್ಲಿ ಒಳ್ಳೆಯ ದಾಂಪತ್ಯ ಸಿಕ್ಕವರು ಅಪರಾಧದಿಂದ ದೂರವಾಗಿದ್ದು ನಿಜ. ಆದರೆ ತಾಳಿ ಕಟ್ಟಿದ ದಿನ ಏನೂ ಬದಲಾಗಲಿಲ್ಲ. ಇಬ್ಬರ ನಡುವೆ ನಂಬಿಕೆ ಬೆಳೆದ ಹಾಗೆ, ವರ್ಷಗಳ ಮೇಲೆ, ನಿಧಾನಕ್ಕೆ ಕಡಿಮೆಯಾಯಿತು. ನಾರ್ವೆಯ ದಾಖಲೆಗಳನ್ನು ನೋಡಿದವರಿಗೆ ಇನ್ನೂ ಒಂದು ಕಂಡಿತು: ಅಪರಾಧ ಇಳಿಯಲು ಶುರುವಾಗಿದ್ದು ಮದುವೆಗೆ ಎಷ್ಟೋ ಮುಂಚೆಯೇ. ಅಂದರೆ ದಾರಿಗೆ ಬರುತ್ತಿದ್ದವನಿಗೆ ಮದುವೆ ಕೂಡಿಬಂತು. ಕೆಲಸ ಇಲ್ಲದ, ತನ್ನ ಮೇಲೆ ತನಗೇ ನಂಬಿಕೆ ಇಲ್ಲದ ಹುಡುಗನಿಗೆ ಈಗ ಮದುವೆ ಮಾಡಿದರೆ, ನಿಮ್ಮ ಹೆಗಲ ಮೇಲಿನ ಭಾರ ಏನೂ ಅರಿಯದ ಒಂದು ಹೆಣ್ಣುಮಗಳ ಹೆಗಲಿಗೆ ಹೋಗುತ್ತದೆ ಅಷ್ಟೇ. ಹಳೆಯದನ್ನು ಮುಚ್ಚಿಟ್ಟು ಮಾಡಿದರಂತೂ ಅದು ಅವಳಿಗೆ ಮಾಡುವ ಮೋಸ. ದಯವಿಟ್ಟು ಬೇಡ.

ಹಾಗಾದರೆ ಯಾವುದು ಬದಲಾಯಿಸುತ್ತದೆ? ಒಂದು, ವಯಸ್ಸು. ಹದಿಹರೆಯದ ಕೊನೆಯಲ್ಲಿ ಏರಿದ ಅಪರಾಧ ಆಮೇಲೆ ಇಳಿಯುತ್ತಾ ಹೋಗುವುದು ಬೇರೆ ಬೇರೆ ದೇಶಗಳ ಲೆಕ್ಕದಲ್ಲಿ ಮತ್ತೆ ಮತ್ತೆ ಕಂಡಿದೆ. ಆದರೆ ವಯಸ್ಸಾಗಲಿ ಅಂತ ಕಾಯುತ್ತಾ ಕೂರಲು ಆಗಲ್ಲ. ಇನ್ನೊಂದು, ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಕಥೆ. 1990ರ ದಶಕದಲ್ಲಿ ಶಾಡ್ ಮರೂನಾ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಅಪರಾಧ ಬಿಟ್ಟವರನ್ನೂ ಬಿಡದವರನ್ನೂ ಕೂರಿಸಿ ಅವರವರ ಬದುಕಿನ ಕಥೆ ಕೇಳಿದರು. ಎರಡೂ ಗುಂಪಿನ ಬಾಲ್ಯ, ಬಡತನ, ಚಟ, ಜೈಲು ಹೆಚ್ಚುಕಮ್ಮಿ ಒಂದೇ ರೀತಿ ಇತ್ತು. ಬೇರೆಯಾಗಿದ್ದು ಕಥೆ. ಬಿಡದವರು "ನನ್ನ ಹಣೆಬರಹವೇ ಇಷ್ಟು, ನನ್ನ ಕೈಲಿ ಏನೂ ಇಲ್ಲ" ಅನ್ನುತ್ತಿದ್ದರು. ಬಿಟ್ಟವರು "ನಾನು ಒಳಗೆ ಕೆಟ್ಟವನಲ್ಲ, ಕೆಟ್ಟ ದಾರಿ ಹಿಡಿದಿದ್ದೆ, ಈಗ ಯಾರಿಗಾದರೂ ಉಪಯೋಗಕ್ಕೆ ಬರಬೇಕು" ಅನ್ನುವ ಧಾಟಿಯಲ್ಲಿ ಹೇಳುತ್ತಿದ್ದರು. ಇದನ್ನು ಓದಿದಾಗ ನಾನು ಕಂಡ ಎಷ್ಟೋ ಮುಖ ಕಣ್ಣ ಮುಂದೆ ಬಂದವು.

ಇದಕ್ಕೂ ನಿಮ್ಮ ಮನೆಗೂ ಏನು ಸಂಬಂಧ ಅಂದರೆ, "ರಕ್ತದಲ್ಲೇ ಇದೆ" ಅನ್ನುವ ಮಾತನ್ನು ಅವನು ದಿನಾ ಕೇಳಿಸಿಕೊಳ್ಳುತ್ತಿದ್ದಾನೆ. ಅದು ಬಿಡದವರ ಕಥೆ. ಅದನ್ನೇ ಮನೆಯವರು ಬರೆದುಕೊಟ್ಟ ಹಾಗಾಗುತ್ತದೆ. ಯಜಮಾನರು ಅವನನ್ನು ನಂಬಬೇಕಾಗಿಲ್ಲ. ನಂಬಿಕೆ ಒತ್ತಾಯದಿಂದ ಬರುವಂಥದ್ದಲ್ಲ. "ನನಗಿನ್ನೂ ನಂಬಿಕೆ ಬಂದಿಲ್ಲ, ಬರೋಕೆ ಟೈಮ್ ಬೇಕು" ಅಂತ ಮುಖ ನೋಡಿ ಹೇಳಲಿ. ಅದು ನೋವಾದರೂ ತಾಳಿಕೊಳ್ಳುವ ಮಾತು. "ನೀನು ಹುಟ್ಟಾ ಕಳ್ಳ" ಅಂದರೆ ಅಲ್ಲಿಂದ ಮುಂದೆ ಅವನಿಗೆ ದಾರಿಯೇ ಇಲ್ಲ. ಹೆದರಿಸಿ ಸರಿ ಮಾಡುತ್ತೇನೆ ಅಂತ ಯಾರಾದರೂ ಬಂದರೂ ಒಪ್ಪಬೇಡಿ. ಹುಡುಗರನ್ನು ಜೈಲಿಗೆ ಕರೆದುಕೊಂಡು ಹೋಗಿ ಕೈದಿಗಳಿಂದ ಕೂಗಾಡಿಸಿ ಬೆದರಿಸುವ ಕಾರ್ಯಕ್ರಮಗಳು ಅಮೆರಿಕದಲ್ಲಿ ಬಹಳ ಹೆಸರು ಮಾಡಿದ್ದವು. ಸರಿಯಾಗಿ ಅಳೆದು ನೋಡಿದಾಗ, ಆ ಹುಡುಗರು ಸುಮ್ನೆ ಬಿಟ್ಟ ಹುಡುಗರಿಗಿಂತ ಜಾಸ್ತಿ ತಪ್ಪು ಮಾಡಿದ್ದರು.

ಕೆಲಸದ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ, ಯಾಕೆಂದರೆ ನಿಮ್ಮ ಕೈಯಿಂದ ಏನಾದರೂ ಆಗುವುದು ಇಲ್ಲೇ. ಕೆಲಸ ಸಿಕ್ಕಿದ ಕೂಡಲೇ ಎಲ್ಲರೂ ಬದಲಾಗುತ್ತಾರೆ ಅನ್ನುವುದು ಸುಳ್ಳು. ನಾರ್ವೆಯಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚಿನವರು ಮೊದಲು ಅಪರಾಧ ಕಡಿಮೆ ಮಾಡಿ ಆಮೇಲೆ ಕೆಲಸಕ್ಕೆ ಸೇರಿದ್ದರು. ಆದರೆ ಬಿಡಲು ಮನಸ್ಸು ಮಾಡಿದವನು ಬಿಟ್ಟುಕೊಂಡೇ ಇರಲು ಕೆಲಸ ಬೇಕೇ ಬೇಕು. ಅಮೆರಿಕದಲ್ಲಿ 1970ರ ದಶಕದಲ್ಲಿ ಜೈಲು ಕಂಡವರಿಗೆ ಸಾಧಾರಣ ಕೂಲಿ ಕೆಲಸ ಕೊಟ್ಟು ನೋಡಿದ್ದರು. ಆ ಲೆಕ್ಕವನ್ನು 2000ದಲ್ಲಿ ಮತ್ತೆ ಕೆದಕಿದ ಕ್ರಿಸ್ಟೋಫರ್ ಯೂಗೆನ್‌ಗೆ ಕಂಡಿದ್ದು, 27 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನವರಲ್ಲಿ ಅಂಥ ಕೆಲಸದಿಂದಲೇ ಅಪರಾಧ ಕಡಿಮೆಯಾಗಿತ್ತು, ಚಿಕ್ಕವರಲ್ಲಿ ಆಗಿರಲಿಲ್ಲ. 27 ಅನ್ನುವ ಅಂಕಿಯಲ್ಲಿ ಮಾಯ ಏನಿಲ್ಲ. ಆ ವಯಸ್ಸಿಗೆ ಬರುವಷ್ಟರಲ್ಲಿ ಒಬ್ಬ ಮನುಷ್ಯನಿಗೆ ಸಾಕಾಗಿರುತ್ತದೆ. ಓಡಿ ಓಡಿ ಸುಸ್ತಾಗಿರುತ್ತದೆ. ಕೈಗೆ ಸಿಕ್ಕ ಕೆಲಸವನ್ನು ಹಿಡಿದುಕೊಳ್ಳುವ ಬುದ್ಧಿ ಬಂದಿರುತ್ತದೆ.

ಕೆಲಸ ಸಿಗದಿರುವುದು ಅವನ ಸೋಮಾರಿತನ ಅಂದುಕೊಳ್ಳಬೇಡಿ. ಡೆವಾ ಪೇಜರ್ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಅಮೆರಿಕದ ಮಿಲ್ವಾಕಿ ನಗರದಲ್ಲಿ ಕಾಲೇಜು ಹುಡುಗರನ್ನು ಒಂದೇ ಥರದ ಓದು, ಅನುಭವ ಹೇಳಿಸಿ ಕೆಲಸ ಕೇಳಲು ಕಳಿಸಿದರು. ಇದ್ದ ವ್ಯತ್ಯಾಸ ಒಬ್ಬ ಜೈಲಿಗೆ ಹೋಗಿದ್ದೆ ಅನ್ನಬೇಕು, ಇನ್ನೊಬ್ಬ ಅನ್ನಬಾರದು, ಅಷ್ಟೇ. ಬಿಳಿಯ ಹುಡುಗರಲ್ಲಿ ಜೈಲಿನ ಮಾತಿಲ್ಲದವನಿಗೆ ನೂರರಲ್ಲಿ 34 ಕಡೆಯಿಂದ ವಾಪಸ್ ಕರೆ ಬಂತು, ಜೈಲಿನ ಮಾತು ಹೇಳಿದವನಿಗೆ 17. ಕಪ್ಪು ಹುಡುಗರಲ್ಲಿ 14, ಜೈಲಿನ ಮಾತು ಸೇರಿದರೆ ಬರೀ 5. ಹತ್ತು ಕಡೆ ಬಾಗಿಲು ಮುಚ್ಚಿಸಿಕೊಂಡ ನಿಮ್ಮ ತಮ್ಮ ಹನ್ನೊಂದನೇ ಬಾಗಿಲಿಗೆ ಹೋಗಲು ಹಿಂಜರಿದರೆ ಅದಕ್ಕೆ ಕಾರಣ ಇದೆ.

ಹಾಗಾಗಿ ಅಪರಿಚಿತರ ಕಡೆ ಅರ್ಜಿ ಹಾಕಿಸುವುದಕ್ಕಿಂತ ನಿಮಗೋ ಯಜಮಾನರಿಗೋ ಗೊತ್ತಿರುವ ಒಬ್ಬರ ಹತ್ತಿರ ಹೋಗಿ. ಮುಚ್ಚಿಡಬೇಡಿ. ಸೇರಿದ ಮೇಲೆ ಗೊತ್ತಾದರೆ ಕೆಲಸವೂ ಹೋಗುತ್ತದೆ, ಮಾತೂ ಹೋಗುತ್ತದೆ. ಎಲ್ಲೆಲ್ಲಿ ಹಳೇ ಕೇಸು ಹೇಳಲೇಬೇಕು, ಎಲ್ಲಿ ಹೇಳಬೇಕಾಗಿಲ್ಲ ಅನ್ನುವುದು ಕಾನೂನಿನ ವಿಷಯ, ಒಬ್ಬ ವಕೀಲರನ್ನು ಕೇಳಿಕೊಳ್ಳಿ. ಹೇಳುವಾಗ ನಾಲ್ಕೇ ಮಾತು ಸಾಕು: ಇಂಥ ತಪ್ಪು ಮಾಡಿದ್ದೆ, ಶಿಕ್ಷೆ ಮುಗಿಸಿದ್ದೇನೆ, ಈಗ ಅಕ್ಕನ ಮನೆಯಲ್ಲಿದ್ದೇನೆ, ಇಷ್ಟು ಹೊತ್ತಿಗೆ ಬರುತ್ತೇನೆ. ಮನೆಯಲ್ಲಿ ನಿಮ್ಮ ಎದುರು ಹೇಳಿ ಅಭ್ಯಾಸ ಮಾಡಲಿ. ಮೊದಲ ಕೆಲಸ ದುಡ್ಡು ಎಣಿಸುವ ಜಾಗದಲ್ಲಿ ಬೇಡ, ಒಬ್ಬನೇ ಬೇರೆಯವರ ಮನೆಯೊಳಗೆ ಹೋಗುವಂಥದ್ದೂ ಬೇಡ. ಅವನು ಕದಿಯುತ್ತಾನೆ ಅಂತಲ್ಲ. ಅಲ್ಲಿ ಏನೇ ಕಳೆದರೂ ಎಲ್ಲರ ಕಣ್ಣು ಮೊದಲು ಅವನ ಮೇಲೆ ಬೀಳುತ್ತದೆ, ಆ ಪೆಟ್ಟನ್ನು ತಾಳಿಕೊಳ್ಳುವ ಶಕ್ತಿ ಈಗ ಅವನಿಗಿಲ್ಲ.

ಕೂಡಿಟ್ಟ ದುಡ್ಡು ಹಾಕಿ ವ್ಯಾಪಾರ ಮಾಡಿಸುವುದು ಈಗ ಬೇಡವೇ ಬೇಡ. ವ್ಯಾಪಾರ ಮಾಡಿ ಗೊತ್ತಿಲ್ಲದವನ ಕೈಗೆ ದೊಡ್ಡ ಮೊತ್ತ ಕೊಟ್ಟರೆ ಮೂರು ಅಪಾಯ ಒಟ್ಟಿಗೆ ಬರುತ್ತವೆ. ಹಳೇ ಗೆಳೆಯರಿಗೆ ಸುದ್ದಿ ಹೋಗುತ್ತದೆ. ನಷ್ಟವಾದರೆ ಅಕ್ಕನ ದುಡ್ಡು ಮುಳುಗಿಸಿದೆ ಅನ್ನುವ ನಾಚಿಕೆಯಲ್ಲಿ ಅದನ್ನು ತುಂಬಿಕೊಡಲು ಮತ್ತೆ ಕಳ್ಳತನಕ್ಕೆ ಇಳಿಯಬಹುದು, ಇದನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಗಂಡ ಹೆಂಡತಿ ನಡುವೆ ಬಿರುಕು ಬಿಡುವುದು ಮೂರನೆಯದು. ಗುರುತಿನ ಚೀಟಿ ಮಾಡಿಸಲು, ಕೆಲಸ ಕಲಿಯಲು, ಕೈಹತಾರ ಕೊಳ್ಳಲು, ಓಡಾಟಕ್ಕೆ ಬೇಕಾದಷ್ಟು ಕೊಡಿ. ಯಾವುದಕ್ಕೆ ಅಂತ ಹೇಳಿ ಕೊಡಿ.

ಹಳೇ ಗೆಳೆಯನ ವಿಷಯ. ಜಾಗ ಬದಲಾದರೆ ಸಹವಾಸ ತಪ್ಪುತ್ತದಾ? 2005ರಲ್ಲಿ ಕತ್ರೀನಾ ಚಂಡಮಾರುತ ಬಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಎಷ್ಟೋ ಬೀದಿಗಳು ಹಾಳಾದವು. ಜೈಲಿನಿಂದ ಬಿಡುಗಡೆಯಾದವರಿಗೆ ಹಳೇ ಮನೆಗೆ ಹೋಗೋಣ ಅಂದರೂ ಮನೆಯೇ ಇರಲಿಲ್ಲ. ಡೇವಿಡ್ ಕರ್ಕ್ ಅನ್ನುವ ಸಂಶೋಧಕರು ಹೀಗೆ ಬಿಡುಗಡೆಯಾದವರ ಲೆಕ್ಕ ಹಿಡಿದು ನೋಡಿದಾಗ, ಬೇರೆ ಕಡೆ ಹೋಗಿ ನೆಲೆಸಿದವರು ಮತ್ತೆ ಜೈಲಿಗೆ ಹೋಗುವುದು ಹಳೇ ಜಾಗಕ್ಕೆ ಮರಳಿದವರಿಗಿಂತ ಸಾಕಷ್ಟು ಕಡಿಮೆಯಾಗಿತ್ತು. ಅದಕ್ಕೆ ಹೇಳುತ್ತೇನೆ, ದೂರದಲ್ಲಿ ನಂಬಿಕಸ್ಥ ಸಂಬಂಧಿಕರಿದ್ದು, ಅಲ್ಲಿ ಕೆಲಸವೂ ಸಿಗುವ ಹಾಗಿದ್ದರೆ ಯೋಚಿಸಬಹುದು. ಬಿಡುಗಡೆಗೆ ಏನಾದರೂ ಷರತ್ತು ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಆದರೆ ಯಾರೂ ಇಲ್ಲದ ಊರಿಗೆ ಒಬ್ಬನನ್ನೇ ಕಳಿಸಿದರೆ ಅದು ಗಡೀಪಾರು ಮಾಡಿದ ಹಾಗೆ, ಅಲ್ಲೂ ಅಂಥವರೇ ಸಿಗುತ್ತಾರೆ. ಇಲ್ಲೇ ಇರುವುದಾದರೆ, ಗೆಳೆಯನನ್ನು ಬಿಡು ಅಂತ ದಿನಾ ಹೇಳುವುದರಿಂದ ಏನೂ ಆಗುವುದಿಲ್ಲ. ಆ ಹೊತ್ತಿಗೆ ಹೋಗಲು ಇನ್ನೊಂದು ಜಾಗ ಇರಬೇಕು. ಸಂಬಳ ಇಲ್ಲದಿದ್ದರೂ ಪರವಾಗಿಲ್ಲ, ಅವನು ಬರದಿದ್ದರೆ "ಯಾಕೆ ಬರಲಿಲ್ಲ?" ಅಂತ ಒಬ್ಬರಾದರೂ ಕೇಳುವ ಜಾಗ.

ಈಗ ಬೀಗದ ಕೈ. ನಿಮ್ಮ ಮುಂದೆ ಮೂರು ದಾರಿ ಇವೆ. ಈಗಿನ ಹಾಗೆಯೇ ಮುಂದುವರಿಸಿದರೆ ಮನೆಯ ಸಾಮಾನು ಭದ್ರ, ಅವನು ಬೀದಿಯಲ್ಲಿ. ನಾಳೆಯೇ ಬೀಗದ ಕೈ ಕೊಟ್ಟುಬಿಟ್ಟರೆ ನಿಮಗೆ ಆಫೀಸಿನಲ್ಲಿ ಮನಸ್ಸು ನಿಲ್ಲುವುದಿಲ್ಲ, ಯಜಮಾನರು ಒಪ್ಪುವುದಿಲ್ಲ, ಮನೆಗೆ ಹಳೇ ಗೆಳೆಯ ಬಂದು ಕೂರಬಹುದು, ಒಂದು ಸಣ್ಣ ವಸ್ತು ಕಾಣದಿದ್ದರೂ ಅನುಮಾನ ಅವನ ಮೇಲೆಯೇ. ನಾನು ಹೇಳುವುದು ನಡುವಿನದು: ಸ್ವಲ್ಪ ಸ್ವಲ್ಪ ಕೊಡಿ, ಮಾತಾಡಿ ಕೊಡಿ.

ಮೊದಲು ಒಡವೆ, ದುಡ್ಡು, ಕಾಗದಪತ್ರ ಬ್ಯಾಂಕ್ ಲಾಕರಿಗೋ ಬೇರೆ ಭದ್ರವಾದ ಜಾಗಕ್ಕೋ ಹೋಗಲಿ. ಕದ್ದುಮುಚ್ಚಿ ಮಾಡಬೇಡಿ, ಅವನಿಗೆ ಹೇಳಿಯೇ ಮಾಡಿ. "ನಿನ್ನ ಮೇಲೆ ಸುಮ್ನೆ ಮಾತು ಬರಬಾರದು, ಅದಕ್ಕೆ" ಅನ್ನಿ, ಅದು ನಿಜವೂ ಹೌದು. ಆಮೇಲೆ ವಾರದಲ್ಲಿ ಎರಡು ದಿನ, ಮಧ್ಯಾಹ್ನ ಎರಡು ಮೂರು ಗಂಟೆಗೆ ಅಂತ ಶುರು ಮಾಡಿ. ಆ ಹೊತ್ತಿನಲ್ಲಿ ಮಾಡಲು ಒಂದು ಕೆಲಸ ಇರಲಿ, ರಿಪೇರಿಯೋ, ಅಡುಗೆಯೋ. ಹೊರಗಿನವರು ಮನೆಯೊಳಗೆ ಬರಬಾರದು, ಇದು ಒಂದೇ ನಿಯಮ. ಒಂದು ತಿಂಗಳು ಚೆನ್ನಾಗಿ ಹೋದರೆ ಹೆಚ್ಚಿಸಿ. ಹೋಗದಿದ್ದರೆ ಕೂಗಾಡದೆ ಹಿಂದಕ್ಕೆ ತನ್ನಿ, ಇಷ್ಟು ದಿನ ಆದ ಮೇಲೆ ಮತ್ತೆ ಮಾತಾಡೋಣ ಅಂತ ದಿನ ಹೇಳಿ.

ದಯವಿಟ್ಟು ಪರೀಕ್ಷೆ ಮಾಡಬೇಡಿ. ಮೇಜಿನ ಮೇಲೆ ಎಣಿಸಿದ ದುಡ್ಡಿಟ್ಟು ಹೋಗಿ ವಾಪಸ್ ಬಂದು ಮತ್ತೆ ಎಣಿಸುವ ಮನೆಗಳನ್ನು ನೋಡಿದ್ದೇನೆ. ಒಳಗೆ ಇದ್ದು ಬಂದವರಿಗೆ ಆ ಬಲೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಮುಟ್ಟದಿದ್ದರೂ ಅವಮಾನ ಉಳಿಯುತ್ತದೆ.

ಮಗಳ ವಿಷಯದಲ್ಲಿ, ಅವನ ಹಿಂದಿನದರಲ್ಲಿ ಹೊಡೆತ ಬಡಿತ ಇಲ್ಲ ಅಂದಿದ್ದೀರಿ. ಆದರೂ ಸದ್ಯಕ್ಕೆ ಅವಳನ್ನು ನೋಡಿಕೊಳ್ಳುವ ಜವಾಬ್ದಾರಿ ಒಬ್ಬನ ಮೇಲೇ ಹಾಕಬೇಡಿ. ಬಾಗಿಲಿಗೆ ಯಾರು ಬರುತ್ತಾರೆ ಅನ್ನುವುದು ಈಗ ಅವನ ಕೈಯಲ್ಲೂ ಪೂರ್ತಿ ಇಲ್ಲ. ನೀವಿರುವಾಗ ಅವಳ ಜೊತೆ ಆಡಲಿ, ಪಾಠ ಹೇಳಿಕೊಡಲಿ. ಅವಳು ಕೇಳಿದರೆ ಮಾಮ ತಪ್ಪು ಮಾಡಿದ್ದ, ಶಿಕ್ಷೆ ಆಯಿತು, ಈಗ ಮನೆಗೆ ಬಂದಿದ್ದಾನೆ ಅಂತ ಹೇಳಿ. ಮಕ್ಕಳಿಗೆ ಅರ್ಧ ಕೇಳಿಸಿಕೊಂಡ ಪಿಸುಮಾತು ಜಾಸ್ತಿ ಭಯ ಹುಟ್ಟಿಸುತ್ತದೆ.

ಗೆರೆಗಳನ್ನೂ ಮೊದಲೇ ಎಳೆದಿಡಿ. ಕದ್ದ ಮಾಲು ಮನೆಗೆ ಬಂದರೆ, ಆಯುಧ ಬಂದರೆ, ಯಾರನ್ನಾದರೂ ಹೆದರಿಸಿ ದುಡ್ಡು ಕೇಳಿದರೆ, ಕೈ ಎತ್ತಿದರೆ, ಅವತ್ತೇ ಅವನು ಬೇರೆ ಕಡೆ ಇರಬೇಕು. ಕದ್ದ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಂಡರೆ ಕೇಸು ನಿಮ್ಮ ಮೇಲೂ ಬರುತ್ತದೆ. ಇದನ್ನು ಸಿಟ್ಟಿನಲ್ಲಿ ಹೇಳಬೇಡಿ, ಎಲ್ಲ ಸಮಾಧಾನವಾಗಿರುವ ಒಂದು ದಿನ ಯಜಮಾನರೂ ಪಕ್ಕದಲ್ಲಿ ಕೂತು ಹೇಳಲಿ. ಯಜಮಾನರಿಗೆ ಅವನು ಮನೆಯಲ್ಲಿರುವುದೇ ಆಗದಿದ್ದರೆ, ಹತ್ತಿರದಲ್ಲೇ ಒಂದು ಕೋಣೆ ಮಾಡಿಕೊಟ್ಟು ದಿನಕ್ಕೊಂದು ಹೊತ್ತು ಊಟಕ್ಕೆ ಕರೆಯಿರಿ. ಅದೂ ಆಸರೆಯೇ. ಜಗಳ ಮಾಡಿ ರಾತ್ರೋರಾತ್ರಿ ಹೊರಗೆ ಹಾಕುವುದು ಮಾತ್ರ ಬೇಡ.

ಎಷ್ಟು ದಿನ ಹೀಗೆ ಅಂತ ಕೇಳುತ್ತೀರಿ. ಅಮೆರಿಕದಲ್ಲಿ ದಾಖಲೆಗಳನ್ನು ಹೋಲಿಸಿ ನೋಡಿದ ಸಂಶೋಧಕರಿಗೆ ಕಂಡಿದ್ದು, ಆರೇಳು ವರ್ಷ ತಪ್ಪು ಮಾಡದೆ ಕಳೆದವನು ಮತ್ತೆ ತಪ್ಪು ಮಾಡುವ ಸಾಧ್ಯತೆ, ಎಂದೂ ತಪ್ಪು ಮಾಡದವನ ಹತ್ತಿರಕ್ಕೆ ಬಂದುಬಿಡುತ್ತದೆ. ದೀರ್ಘ ಕಾಲ, ಗೊತ್ತು. ಆದರೆ ಮೊದಲ ಒಂದೆರಡು ವರ್ಷದ ಕಷ್ಟ ಆಮೇಲೆ ಇರುವುದಿಲ್ಲ.

ನನ್ನ ಕೋಣೆಯ ಬಾಗಿಲ ಮುಂದೆ ನಿಂತಿದ್ದರು ಅಂದೆನಲ್ಲ, ಅವರಿಗೆ ಒಬ್ಬ ಮಾಲೀಕರು ಗೋಡೌನಿನಲ್ಲಿ ಮೂಟೆ ಎತ್ತುವ ಕೆಲಸ ಕೊಟ್ಟರು. ಒಂದೂವರೆ ವರ್ಷ ಆದ ಮೇಲೆ ಗೋಡೌನಿನ ಬೀಗದ ಕೈಯನ್ನೂ ಕೊಟ್ಟರು. ಅವತ್ತು ಸಂಜೆ ಅದನ್ನು ತೋರಿಸಲೆಂದೇ ನನ್ನ ಹತ್ತಿರ ಬಂದಿದ್ದರು. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು, ಮಾತಾಡುತ್ತಿರುವಾಗಲೂ ಇದೆಯಾ ಅಂತ ಬೆರಳಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅವತ್ತು ಬಾಗಿಲನ್ನು ಅವರೇ ತೆಗೆದುಕೊಂಡು ಒಳಗೆ ಬಂದಿದ್ದರು.

ಈ ವಾರ ಒಂದೇ ಕೆಲಸ ಮಾಡಿ. ಅವನನ್ನು ಕೂರಿಸಿಕೊಂಡು, ಒಂಬತ್ತರಿಂದ ಆರರವರೆಗೆ ನೀನು ಎಲ್ಲಿರುತ್ತೀಯಾ, ಹೇಗೆ ಹೊತ್ತು ಹೋಗುತ್ತದೆ ಅಂತ ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಅವನು ಏನು ಹೇಳಿದ ಅಂತ ನನಗೆ ಬರೆಯಿರಿ, ಮುಂದಿನದನ್ನು ಅಲ್ಲಿಂದ ನೋಡೋಣ.